ಊರವರು ಉಳಿಸಿದ ಹಾದಿ

ಒಂದು ಊರಿನ ಸಿರಿಯನ್ನು ಅಳೆಯಹೊರಟವರು ಸಾಮಾನ್ಯವಾಗಿ ಅಲ್ಲಿನ ಅಂಗಡಿಬೀದಿಗಳನ್ನೂ ಕಾರ್ಖಾನೆಗಳನ್ನೂ ಮುಗಿಲು ಮುಟ್ಟುವ ಕಟ್ಟಡಗಳನ್ನೂ ನೋಡುತ್ತಾರೆ. ಆದರೆ ದಿನದ ದುಡಿಮೆ ಮುಗಿದ ಮೇಲೆ ಆ ಊರಿನ ಮುದುಕರು ಎಲ್ಲಿ ಅಡ್ಡಾಡುತ್ತಾರೆ, ತಾಯಂದಿರು ಕೂಸುಗಳನ್ನೆತ್ತಿಕೊಂಡು ಎಲ್ಲಿ ತಂಗಾಳಿಗೆ ಹೋಗುತ್ತಾರೆ, ಮಕ್ಕಳು ವಾಹನಗಳ ಭಯವಿಲ್ಲದೆ ಎಲ್ಲಿ ಓಡಾಡುತ್ತಾರೆ ಎಂಬುದನ್ನು ನೋಡಿದಾಗಲೇ ಊರಿನ ನಿಜವಾದ ಸಿರಿ ತಿಳಿಯುತ್ತದೆ. ಊಟ ಬಟ್ಟೆಗಳಂತೆಯೇ ವಿಶ್ರಾಂತಿಯೂ ಮನುಷ್ಯನಿಗೆ ಬೇಕು. ಅಂಗಡಿ ಹಾಕಿದವನಿಗೆ ಲಾಭ ಬರುತ್ತದೆ. ಮನೆ ಕಟ್ಟಿಸಿದವನಿಗೆ ಬಾಡಿಗೆ ಬರುತ್ತದೆ. ಯಾರು ಬೇಕಾದರೂ ಹಣ ಕೊಡದೆ ನಡೆದಾಡಬಹುದಾದ ಹಾದಿಯಿಂದ ಯಾರಿಗೂ ಕಾಸಿನ ಆದಾಯವಿಲ್ಲ. ಅಂಥ ಹಾದಿಯನ್ನು ಯಾರು ಕಟ್ಟಬೇಕು? ಅದಕ್ಕೆ ಬೇಕಾದ ಹಣವನ್ನು ಯಾರು ಕೊಡಬೇಕು? ಕಟ್ಟಿದ ಮೇಲೆ ಅದು ಯಾರಿಗೆ ಸೇರಬೇಕು?

ಈ ಮೂರು ಪ್ರಶ್ನೆಗಳಿಗೂ ಉತ್ತರ ಹುಡುಕಿದ ಒಂದು ಪ್ರಯತ್ನ ಅಮೆರಿಕ ಸಂಯುಕ್ತ ಸಂಸ್ಥಾನದ ನ್ಯೂಯಾರ್ಕ್ ನಗರದಲ್ಲಿ ನಡೆಯಿತು. ಅಲ್ಲಿನ ಮ್ಯಾನ್‌ಹಟನ್ ದ್ವೀಪದ ಪಶ್ಚಿಮ ಭಾಗದಲ್ಲಿ, ನೆಲದಿಂದ ಸುಮಾರು 30 ಅಡಿ ಎತ್ತರದಲ್ಲಿ, ಉಕ್ಕಿನ ಕಂಬಗಳ ಮೇಲೆ ಒಂದು ಕಾಲುದಾರಿ ಸಾಗುತ್ತದೆ. ಅದರ ಉದ್ದ ಎರಡೂ ಕಾಲು ಕಿಲೊಮೀಟರಿಗಿಂತ ತುಸು ಹೆಚ್ಚು. ಇಕ್ಕೆಲಗಳಲ್ಲಿ ಹುಲ್ಲು, ಹೂಗಿಡ, ಸಣ್ಣ ಮರಗಳು. ಅಲ್ಲಲ್ಲಿ ಕುಳಿತುಕೊಳ್ಳಲು ಮರದ ಆಸನಗಳು. ಕೆಳಗೆ ಎಡೆಬಿಡದೆ ಹರಿಯುವ ವಾಹನಗಳು. ಇದಕ್ಕೆ 'ಹೈಲೈನ್' ಎಂದು ಹೆಸರು. 'ಮೇಲಣ ದಾರಿ' ಎಂದು ಅದರ ಅರ್ಥ. ಒಂದು ಕಾಲದಲ್ಲಿ ಇದು ಸರಕು ಸಾಗಿಸುವ ರೈಲುದಾರಿಯಾಗಿತ್ತು. ಮುಂದೆ ಹಾಳುಬಿದ್ದು, ಕೆಡವಿಹಾಕಬೇಕೆಂಬ ತೀರ್ಮಾನಕ್ಕೂ ಒಳಗಾಗಿತ್ತು. ಅದು ಉಳಿದುದು ಊರವರ ಹಟದಿಂದ. ಬೆಳೆದುದು ಊರವರ ವಂತಿಗೆಯಿಂದ.

ಈ ರೈಲುದಾರಿ ನೆಲವನ್ನು ಬಿಟ್ಟು ಮೇಲಕ್ಕೇರಿದುದೇ ಒಂದು ದುಃಖದ ಕಥೆ. ಮ್ಯಾನ್‌ಹಟನ್ನಿನ ಪಶ್ಚಿಮಕ್ಕೆ ಹಡ್ಸನ್ ನದಿ ಹರಿಯುತ್ತದೆ. ಆ ದಡದಲ್ಲಿ ಹಡಗುಕಟ್ಟೆಗಳೂ ಉಗ್ರಾಣಗಳೂ ಮಾಂಸದ ಮಂಡಿಗಳೂ ಇದ್ದವು. ಹತ್ತೊಂಬತ್ತನೆಯ ಶತಮಾನದ ನಡುಗಾಲದಿಂದ ಅಲ್ಲಿಗೆ ಸರಕಿನ ರೈಲುಗಳು ಬರತೊಡಗಿದವು. ಅವು ಓಡುತ್ತಿದ್ದುದು ಜನ ನಡೆಯುವ ಬೀದಿಯ ಮೇಲೆಯೇ. ಗಾಡಿಗಳ ಸಂದಣಿ, ಆಡುವ ಮಕ್ಕಳು, ಸಂತೆಗೆ ಬಂದವರು, ಇವರೆಲ್ಲರ ನಡುವೆ ಹೊಗೆಯುಗುಳುತ್ತ ರೈಲು ಸಾಗುತ್ತಿತ್ತು. ಜನರನ್ನು ಎಚ್ಚರಿಸುವುದಕ್ಕಾಗಿ ರೈಲಿನ ಮುಂದೆ ಒಬ್ಬ ಸವಾರ ಕುದುರೆಯೇರಿ ಕೆಂಪು ಬಾವುಟ ಬೀಸುತ್ತ ಹೋಗುವ ಏರ್ಪಾಡು ಕೂಡ ಬಂದಿತು. ಹಾಗಿದ್ದರೂ ವರ್ಷ ವರ್ಷವೂ ಜನ ಗಾಲಿಗಳಿಗೆ ಸಿಕ್ಕಿ ಸಾಯುತ್ತಲೇ ಇದ್ದರು. ಹತ್ತನೆಯ ಅವೆನ್ಯೂ ಎಂಬ ಆ ಹೆದ್ದಾರಿಗೆ ಜನರು 'ಸಾವಿನ ಬೀದಿ' ಎಂದೇ ಹೆಸರಿಟ್ಟರು.

ಜನರ ಕೂಗು ಬಹುಕಾಲದ ಮೇಲೆ ಫಲಿಸಿತು. 1929ರಲ್ಲಿ ನಗರ, ರಾಜ್ಯ ಮತ್ತು ರೈಲು ಕಂಪನಿ ಸೇರಿ ರೈಲನ್ನು ನೆಲದಿಂದ ಮೇಲೆತ್ತುವ ಒಪ್ಪಂದ ಮಾಡಿಕೊಂಡವು. 1934ರಲ್ಲಿ ಮೇಲುದಾರಿ ಸಿದ್ಧವಾಯಿತು. ಅದನ್ನು ಬೀದಿಯ ಮೇಲೆ ಚಪ್ಪರದಂತೆ ಹಾಯಿಸಲಿಲ್ಲ. ಕಟ್ಟಡಗಳ ಸಾಲುಗಳ ನಡುವಿನಿಂದ ಕೊಂಡೊಯ್ದರು. ಕೆಲವೆಡೆ ರೈಲು ಕಾರ್ಖಾನೆಗಳ ಮೇಲಂತಸ್ತಿನೊಳಕ್ಕೇ ನುಗ್ಗಿ ಸರಕನ್ನು ಇಳಿಸುತ್ತಿತ್ತು. ಹಾಲು, ಮಾಂಸ, ತರಕಾರಿ, ತಯಾರಾದ ವಸ್ತುಗಳು, ಎಲ್ಲವೂ ಬೀದಿಯನ್ನು ಮುಟ್ಟದೆ ಬಂದು ಹೋಗುತ್ತಿದ್ದವು. ಸಾಮಾನು ತುಂಬಿದ ಎರಡು ರೈಲುಗಳ ಭಾರವನ್ನು ಒಟ್ಟಿಗೆ ತಾಳುವಂತೆ ಅದನ್ನು ಕಟ್ಟಲಾಗಿತ್ತು.

ಆದರೆ ಕಾಲಚಕ್ರ ನಿಲ್ಲಲಿಲ್ಲ. ಎರಡನೆಯ ಮಹಾಯುದ್ಧದ ತರುವಾಯ ದೇಶದ ಉದ್ದಗಲಕ್ಕೂ ರಸ್ತೆಗಳು ಬೆಳೆದವು. ರೈಲು ಹೊರುತ್ತಿದ್ದ ಸರಕನ್ನು ಲಾರಿಗಳು ಹೊರತೊಡಗಿದವು. 1960ರ ದಶಕದಲ್ಲಿ ಮೇಲುದಾರಿಯ ದಕ್ಷಿಣದ ತುದಿಯನ್ನು ಕೆಡವಿದರು. 1980ರಲ್ಲಿ ಕೊನೆಯ ರೈಲು ಓಡಿತು. ಆ ಮೇಲೆ ಕಂಬಿಗಳಿಗೆ ತುಕ್ಕು ಹಿಡಿಯಿತು. ಮನುಷ್ಯನು ಕೈಬಿಟ್ಟುದನ್ನು ಪ್ರಕೃತಿ ಕೈಹಿಡಿಯಿತು. ಗಾಳಿಯಲ್ಲಿ ತೇಲಿಬಂದ ಬೀಜಗಳು ಜಲ್ಲಿಕಲ್ಲುಗಳ ಸಂದಿಯಲ್ಲಿ ಮೊಳೆತವು. ಹುಲ್ಲು ಎದೆಯೆತ್ತರಕ್ಕೆ ಬೆಳೆಯಿತು, ಕಾಡುಹೂಗಳು ಅರಳಿದವು. ಅಷ್ಟು ದೊಡ್ಡ ನಗರದ ನಡುವೆ, ಯಾರೂ ಬಿತ್ತದ, ಯಾರೂ ನೀರೆರೆಯದ ಒಂದು ತೋಟ ಸದ್ದಿಲ್ಲದೆ ಹುಟ್ಟಿಕೊಂಡಿತ್ತು. ಅಲ್ಲಿಗೆ ಹತ್ತುವುದನ್ನು ನಿಷೇಧಿಸಿದ್ದುದರಿಂದ ಕೆಳಗೆ ನಡೆಯುವವರಿಗೆ ಈ ಸೊಬಗು ಕಾಣುತ್ತಿರಲಿಲ್ಲ. ಅವರ ಕಣ್ಣಿಗೆ ಬೀಳುತ್ತಿದ್ದುದು ತುಕ್ಕು ಹಿಡಿದ ತೊಲೆಗಳು ಮತ್ತು ಅವುಗಳ ಕೆಳಗಿನ ಕತ್ತಲೆ ಮಾತ್ರ.

ಮೇಲುದಾರಿಯ ಕೆಳಗಿನ ನಿವೇಶನಗಳ ಒಡೆಯರಿಗೆ ಅದೊಂದು ದೊಡ್ಡ ಅಡ್ಡಿಯಾಗಿ ತೋರಿತು. ಅಡಿಗಡಿಗೂ ಬೆಲೆಯುಳ್ಳ ನೆಲದಲ್ಲಿ ಈ ಉಕ್ಕಿನ ಸೇತುವೆ ನಿಂತಿರುವವರೆಗೆ ಅವರು ದೊಡ್ಡ ಕಟ್ಟಡ ಕಟ್ಟುವಂತಿರಲಿಲ್ಲ. ಆದುದರಿಂದ ಅವರು ಒಗ್ಗೂಡಿ, ಅದನ್ನು ಕೆಡವಬೇಕೆಂದು ಸರಕಾರವನ್ನು ಒತ್ತಾಯಿಸಿದರು. ಅವರ ವಾದದಲ್ಲಿ ನ್ಯಾಯವೇ ಇರಲಿಲ್ಲವೆಂದು ಹೇಳುವಂತಿಲ್ಲ. ತಮ್ಮ ನೆಲವನ್ನು ತಾವು ಬಳಸಬೇಕೆಂಬುದು ಯಾವ ಒಡೆಯನಿಗಾದರೂ ಸಹಜವೇ. ಆ ದಿನಗಳಲ್ಲಿ ಅವರಿಗೆ ಎದುರಾಗಿ ನಿಂತವನು ಪೀಟರ್ ಓಬ್ಲೆಟ್ಸ್ ಎಂಬ ಒಬ್ಬ ರೈಲುಪ್ರೇಮಿ. ಅವನು 1984ರಲ್ಲಿ ಆ ಮೇಲುದಾರಿಯನ್ನು ರೈಲು ಕಂಪನಿಯಿಂದ ಕೇವಲ 10 ಡಾಲರಿಗೆ ಕೊಂಡನು. ಕೆಡವುವ ಖರ್ಚು ತಪ್ಪಿದರೆ ಸಾಕೆಂದಿದ್ದ ಕಂಪನಿಗೆ ಆ ಬೆಲೆಯೇ ಸಾಕಾಯಿತು. ಆದರೆ ನಿವೇಶನದ ಒಡೆಯರು ಆಕ್ಷೇಪಿಸಿದ ಮೇಲೆ ಆ ಕ್ರಯ ಊರ್ಜಿತವಾಗಲಿಲ್ಲ. ಓಬ್ಲೆಟ್ಸ್ 1996ರಲ್ಲಿ ತೀರಿಕೊಂಡನು. ಅವನಿಗೆ ಧೈರ್ಯವಿತ್ತು; ಜೊತೆಗೆ ನಿಲ್ಲುವ ಜನಬಲ ಇರಲಿಲ್ಲ. ಒಬ್ಬನ ಕೈ ಎಷ್ಟು ಗಟ್ಟಿಯಾದರೂ ಒಂದು ಕೈಯಿಂದ ಚಪ್ಪಾಳೆಯಾಗದು.

ಈ ನಡುವೆ ಕಾನೂನೊಂದು ನೆರವಿಗೆ ಸಿದ್ಧವಾಗಿತ್ತು. ಬಿಟ್ಟುಬಿಟ್ಟ ರೈಲುದಾರಿಯನ್ನು ಕಾಲುದಾರಿಯನ್ನಾಗಿ ಮಾಡುವ ಯೋಚನೆ ಅಮೆರಿಕದಲ್ಲಿ ಆ ಮೊದಲೇ ಹುಟ್ಟಿತ್ತು. 1963ರಲ್ಲಿ ಇಲಿನಾಯ್ ರಾಜ್ಯದ ಮೇ ಥೀಲ್‌ಗಾರ್ಡ್ ವಾಟ್ಸ್ ಎಂಬ ನಿಸರ್ಗತಜ್ಞೆ ವೃತ್ತಪತ್ರಿಕೆಗೆ ಒಂದು ಪತ್ರ ಬರೆದು, ತನ್ನ ಸೀಮೆಯಲ್ಲಿ ಪಾಳುಬಿದ್ದ ರೈಲುದಾರಿಯನ್ನು ನಡೆದಾಡುವವರಿಗೆ ಉಳಿಸಿಕೊಡಬೇಕೆಂದು ಕೇಳಿಕೊಂಡಿದ್ದಳು. ಆ ಪತ್ರದಿಂದ 'ಇಲಿನಾಯ್ ಪ್ರೇರಿ ಹಾದಿ' ಹುಟ್ಟಿತು. ಇಂಥ ಪ್ರಯತ್ನಗಳು ಅಲ್ಲಲ್ಲಿ ನಡೆಯುತ್ತಿರಲು, 1983ರಲ್ಲಿ ದೇಶದ ಹಾದಿಗಳ ಕಾನೂನಿಗೆ ಒಂದು ತಿದ್ದುಪಡಿ ಬಂದಿತು. ರೈಲು ಓಡದ ದಾರಿಯನ್ನು ತುಂಡು ತುಂಡಾಗಿ ಕಳೆದುಕೊಳ್ಳದೆ, ಮುಂದೆಂದಾದರೂ ರೈಲಿಗೆ ಬೇಕಾದೀತೆಂಬ ನಿಬಂಧನೆಯ ಮೇಲೆ, ಸದ್ಯಕ್ಕೆ ಜನರ ಕಾಲುದಾರಿಯಾಗಿ ಇಟ್ಟುಕೊಳ್ಳಬಹುದು ಎಂಬುದು ಅದರ ಸಾರ. ಬ್ಯಾಂಕಿನಲ್ಲಿ ಹಣವನ್ನು ಠೇವಣಿ ಇಟ್ಟಂತೆ ದಾರಿಯನ್ನು ಠೇವಣಿ ಇಡುವ ಉಪಾಯವಿದು. ಆದರೆ ಕಾನೂನು ತಾನಾಗಿ ಏಳುವುದಿಲ್ಲ, ಎಬ್ಬಿಸುವವರು ಬೇಕು.

1999ರ ಆಗಸ್ಟ್ ತಿಂಗಳಲ್ಲಿ, ಮೇಲುದಾರಿ ಹಾದುಹೋಗುವ ಚೆಲ್ಸಿ ಎಂಬ ಬಡಾವಣೆಯಲ್ಲಿ ನಾಗರಿಕರ ಸಭೆಯೊಂದು ನಡೆಯಿತು. ಮೇಲುದಾರಿಯ ಗತಿಯೇನಾಗಬೇಕು ಎಂಬುದೇ ಅಂದಿನ ವಿಷಯ. ಅಲ್ಲಿಗೆ ಜೋಶುವಾ ಡೇವಿಡ್ ಮತ್ತು ರಾಬರ್ಟ್ ಹ್ಯಾಮಂಡ್ ಎಂಬ ಇಬ್ಬರು ಬಂದಿದ್ದರು. ಅವರಿಗೆ ಪರಸ್ಪರ ಪರಿಚಯವಿರಲಿಲ್ಲ. ಅಕ್ಕಪಕ್ಕದ ಕುರ್ಚಿಗಳಲ್ಲಿ ಕುಳಿತುದು ಕೇವಲ ಆಕಸ್ಮಿಕ. ಡೇವಿಡ್ ಪತ್ರಿಕೆಗಳಿಗೆ ಲೇಖನ ಬರೆಯುವವನು. ಹ್ಯಾಮಂಡ್ ಸಣ್ಣ ಉದ್ಯಮಗಳಲ್ಲಿ ತೊಡಗಿದ್ದವನು. ಇಬ್ಬರೂ ಶಿಲ್ಪಿಗಳಲ್ಲ, ತೋಟಗಾರರಲ್ಲ, ಅಧಿಕಾರಿಗಳೂ ಅಲ್ಲ. ಮೇಲುದಾರಿಯನ್ನು ಉಳಿಸುವುದಕ್ಕೆ ಯಾವುದಾದರೂ ಸಂಘವಿದ್ದರೆ ಸೇರಿಕೊಳ್ಳೋಣವೆಂದು ಅವರು ಬಂದಿದ್ದರು. ಅಂಥ ಸಂಘ ಇರಲಿಲ್ಲ. ಮಾತನಾಡಿದವರಲ್ಲಿ ಹೆಚ್ಚಿನವರು ಅದನ್ನು ಕೆಡವಬೇಕೆಂದೇ ಹೇಳಿದರು. ಸಭೆ ಮುಗಿದ ಮೇಲೆ ಆ ಇಬ್ಬರು ಮಾತಿಗಾರಂಭಿಸಿದರು. ಇಲ್ಲದ ಸಂಘವನ್ನು ತಾವೇ ಕಟ್ಟಲು ನಿಶ್ಚಯಿಸಿ, ಅದಕ್ಕೆ 'ಹೈಲೈನ್ ಗೆಳೆಯರು' ಎಂಬರ್ಥದ ಹೆಸರನ್ನಿಟ್ಟರು. ಆಗ ಅವರ ಬಳಿ ಹಣವೂ ಇರಲಿಲ್ಲ, ಸಿದ್ಧ ಯೋಜನೆಯೂ ಇರಲಿಲ್ಲ.

ಸಾರ್ವಜನಿಕ ಕಾರ್ಯಕ್ಕೆ ಹಣ ಕೂಡಿಸುವವನ ಮೊದಲನೆಯ ತೊಡಕು ಹಣವಲ್ಲ, ನಂಬಿಕೆ. ಕಾಣದ ವಸ್ತುವಿಗೆ ಯಾರೂ ಕೈಬಿಚ್ಚಿ ಕೊಡುವುದಿಲ್ಲ. ಮೇಲುದಾರಿಯ ಚೆಲುವನ್ನು ಕಂಡವರೇ ಇಲ್ಲದಿರುವಾಗ ಅದಕ್ಕಾಗಿ ವಂತಿಗೆ ಕೇಳುವುದು ಹೇಗೆ? ಈ ತೊಡಕನ್ನು ಬಿಡಿಸಿದುದು ಒಂದು ಕ್ಯಾಮರಾ. ಜೋಯೆಲ್ ಸ್ಟರ್ನ್‌ಫೆಲ್ಡ್ ಎಂಬ ಹೆಸರಾಂತ ಛಾಯಾಗ್ರಾಹಕನು 2000ದಿಂದ 2001ರವರೆಗೆ ಋತು ಋತುವಿನಲ್ಲಿ ಮೇಲುದಾರಿಯನ್ನು ಹತ್ತಿ ಚಿತ್ರಗಳನ್ನು ತೆಗೆದನು. ಹಿಮ ಮುಚ್ಚಿದ ಕಂಬಿಗಳು, ವಸಂತದಲ್ಲಿ ಚಿಗುರಿದ ಹಸುರು, ಎರಡು ಸಾಲು ಕಟ್ಟಡಗಳ ನಡುವೆ ನೇರವಾಗಿ ಸಾಗಿ ಮರೆಯಾಗುವ ಹುಲ್ಲಿನ ಪಟ್ಟಿ, ಇವನ್ನು ಅವನು ಬಣ್ಣ ಕಟ್ಟದೆ, ಇದ್ದುದು ಇದ್ದಂತೆ ತೋರಿಸಿದನು. ಚಿತ್ರಗಳು ಪತ್ರಿಕೆಯಲ್ಲೂ ಪುಸ್ತಕದಲ್ಲೂ ಅಚ್ಚಾದವು. ಹೇಸಿಗೆಯ ತಾಣವೆಂದು ಮೂಗು ಮುರಿದಿದ್ದವರೇ ಬೆರಗಾದರು. ಸಂಘಕ್ಕೆ ಸದಸ್ಯರು ಸೇರಿದರು. ಚಿತ್ರಕಾರರು, ನಟರು, ವಕೀಲರು ತಮ್ಮ ತಮ್ಮ ವಿದ್ಯೆಯನ್ನು ಉಚಿತವಾಗಿ ನೀಡಿದರು. ಹಣವಿದ್ದವರು ಹಣ ಕೊಟ್ಟರು. ಹಣವಿಲ್ಲದವರು ವೇಳೆ ಕೊಟ್ಟರು. ಹನಿಗೂಡಿದರೆ ಹಳ್ಳವೆಂಬ ಮಾತು ಅಲ್ಲಿ ನಿಜವಾಗುತ್ತ ಬಂದಿತು.

ಅಷ್ಟರಲ್ಲಿ ದೊಡ್ಡ ಗಂಡಾಂತರವೊಂದು ಎದುರಾಯಿತು. 2001ರ ಸೆಪ್ಟೆಂಬರ್ 11ರಂದು ನ್ಯೂಯಾರ್ಕಿನ ಜೋಡಿ ಗೋಪುರಗಳು ಭಯೋತ್ಪಾದಕರ ದಾಳಿಯಿಂದ ನೆಲಕ್ಕುರುಳಿದವು. ಸಾವಿರಾರು ಜನರನ್ನು ಕಳೆದುಕೊಂಡು ಶೋಕದಲ್ಲಿ ಮುಳುಗಿದ ನಗರದಲ್ಲಿ ಹೂದೋಟದ ಮಾತನ್ನೆತ್ತುವುದೇ ಸಂಕೋಚದ ಸಂಗತಿಯಾಗಿತ್ತು. ಅದೇ ವರ್ಷದ ಕೊನೆಯಲ್ಲಿ, ಅಧಿಕಾರದಿಂದ ಇಳಿಯಲಿದ್ದ ಮೇಯರ್ ರುಡಾಲ್ಫ್ ಜೂಲಿಯಾನಿಯ ಆಡಳಿತವು ಮೇಲುದಾರಿಯನ್ನು ಕೆಡವುವ ಒಪ್ಪಂದಕ್ಕೆ ಸಹಿಹಾಕಿತು. ಎರಡು ವರ್ಷಗಳ ದುಡಿಮೆ ನೀರಿನಲ್ಲಿ ಹೋಮ ಮಾಡಿದಂತಾಗುವ ಹಾಗಿತ್ತು. ಸಂಘದವರು ಎದೆಗುಂದದೆ ನ್ಯಾಯಾಲಯದ ಮೆಟ್ಟಿಲೇರಿದರು. ಇಂಥ ತೀರ್ಮಾನಕ್ಕೆ ಮುನ್ನ ಊರವರ ಅಭಿಪ್ರಾಯವನ್ನು ಕ್ರಮವಾಗಿ ಕೇಳಬೇಕೆಂದು ನಗರದ ಕಟ್ಟಳೆಯೇ ಹೇಳುತ್ತದೆ. ಆ ಕ್ರಮವನ್ನು ಪಾಲಿಸಿಲ್ಲ ಎಂಬುದು ಅವರ ದೂರು. 2002ರ ಮಾರ್ಚ್ ತಿಂಗಳಲ್ಲಿ ನ್ಯಾಯಾಲಯವು ಅವರ ವಾದವನ್ನು ಎತ್ತಿಹಿಡಿಯಿತು. ಅಷ್ಟರಲ್ಲಿ ಮೈಕೆಲ್ ಬ್ಲೂಮ್‌ಬರ್ಗ್ ಹೊಸ ಮೇಯರ್ ಆಗಿದ್ದನು; ಅವನ ಆಡಳಿತ ಈ ಯೋಜನೆಗೆ ಒಲವು ತೋರಿತು.

ಸಂಘದವರು ಭಾವನೆಯೊಂದನ್ನೇ ನೆಚ್ಚಿ ಕುಳಿತಿರಲಿಲ್ಲ. ಸರಕಾರದ ಹಣವೆಂದರೆ ಜನರ ತೆರಿಗೆಯ ಹಣ. ಅದನ್ನು ಕೇಳುವವರು ಲೆಕ್ಕ ಕೊಡಬೇಕು. ಆದಕಾರಣ 2002ರಲ್ಲಿ ಅವರು ಅರ್ಥಶಾಸ್ತ್ರಜ್ಞರಿಂದ ಒಂದು ಅಧ್ಯಯನ ಮಾಡಿಸಿದರು. ಹಾದಿಯಿಂದ ಸುತ್ತಲಿನ ನೆಲದ ಬೆಲೆ ಏರಿ, ಅದರಿಂದ ನಗರಕ್ಕೆ ಬರುವ ಹೆಚ್ಚಿನ ತೆರಿಗೆಯು ಹಾದಿಯ ಖರ್ಚನ್ನು ಮೀರುವುದೆಂದು ಆ ಅಧ್ಯಯನ ತೋರಿಸಿತು. 2003ರಲ್ಲಿ ಅವರು ಜಗತ್ತಿಗೆಲ್ಲ ಒಂದು ಸ್ಪರ್ಧೆಯನ್ನು ಸಾರಿದರು: ಈ ಮೇಲುದಾರಿಯನ್ನು ಏನು ಮಾಡಬಹುದು? ಕಾರ್ಯಸಾಧ್ಯವಾಗಿರಲೇಬೇಕೆಂಬ ಕಟ್ಟುಪಾಡು ಇರಲಿಲ್ಲ. 36 ದೇಶಗಳಿಂದ 720 ಯೋಜನೆಗಳು ಬಂದವು. ಒಬ್ಬರು ಅದನ್ನು ಉದ್ದಕ್ಕೂ ಈಜುಕೊಳವನ್ನಾಗಿ ಮಾಡಬೇಕೆಂದರು. ಈ ಚಿತ್ರಗಳನ್ನು ನಗರದ ದೊಡ್ಡ ರೈಲುನಿಲ್ದಾಣವಾದ ಗ್ರ್ಯಾಂಡ್ ಸೆಂಟ್ರಲ್‌ನಲ್ಲಿ ಪ್ರದರ್ಶನಕ್ಕಿಟ್ಟರು. ರೈಲು ಹಿಡಿಯಲು ಬಂದ ಸಾಮಾನ್ಯ ಜನರು ನಿಂತು ನೋಡಿದರು. ಇಬ್ಬರ ಕನಸು ಊರಿನ ಕನಸಾಯಿತು.

ಇನ್ನು ಉಳಿದುದು ನಿವೇಶನದ ಒಡೆಯರ ವಿರೋಧ. ಅದನ್ನು ಬಲದಿಂದಲ್ಲ, ಜಾಣ್ಮೆಯಿಂದ ಬಗೆಹರಿಸಲಾಯಿತು. ಪ್ರತಿಯೊಂದು ನಿವೇಶನದ ಮೇಲೂ ಇಂತಿಷ್ಟು ಕಟ್ಟಬಹುದೆಂಬ ಹಕ್ಕು ಒಡೆಯನಿಗೆ ಇರುತ್ತದೆ. ಮೇಲುದಾರಿಯ ಕೆಳಗಿನ ನೆಲದಲ್ಲಿ ಆ ಹಕ್ಕನ್ನು ಬಳಸುವಂತಿರಲಿಲ್ಲ. 2005ರಲ್ಲಿ ನಗರವು ನಿಯಮಗಳನ್ನು ಬದಲಿಸಿ, ಅವರು ತಮ್ಮ ಹಕ್ಕನ್ನು ಸಮೀಪದ ಬೇರೆ ನಿವೇಶನದವರಿಗೆ ಮಾರಿಕೊಳ್ಳಬಹುದೆಂದು ಗೊತ್ತುಮಾಡಿತು. ಕೊಂಡವರು ತಮ್ಮ ಕಟ್ಟಡವನ್ನು ಅಷ್ಟು ಎತ್ತರಿಸಿಕೊಳ್ಳಬಹುದು. ಮಾರಿದವರಿಗೆ ಹಣ ಬರುತ್ತದೆ. ಮೇಲುದಾರಿಯ ಮೇಲೆ ಬೆಳಕು ಗಾಳಿಗಳು ಉಳಿಯುತ್ತವೆ. ನಷ್ಟದ ಭಯ ಕಳೆದೊಡನೆ ವಿರೋಧವೂ ಕರಗಿತು. ಅದೇ ವರ್ಷ ಕೇಂದ್ರ ಸರಕಾರದ ಸಾರಿಗೆ ಮಂಡಲಿಯು 1983ರ ಕಾನೂನಿನಂತೆ ಅನುಮತಿ ಕೊಟ್ಟಿತು. ನವೆಂಬರಿನಲ್ಲಿ ರೈಲು ಕಂಪನಿಯು ಮೇಲುದಾರಿಯನ್ನು ನಗರಕ್ಕೆ ದಾನವಾಗಿ ಒಪ್ಪಿಸಿತು.

ಹಣವು ಈಗ ಹಲವು ತೊರೆಗಳಾಗಿ ಹರಿದುಬಂದಿತು. 2004ರಲ್ಲಿಯೇ ನಗರವು ಸುಮಾರು 4 ಕೋಟಿ 30 ಲಕ್ಷ ಡಾಲರುಗಳನ್ನು ಕೊಡುವುದಾಗಿ ಒಪ್ಪಿತ್ತು. ಮುಂದೆ ಹಾದಿಯ ಮೊದಲಿನ ಎರಡು ಭಾಗಗಳಿಗೆ ತಗುಲಿದ ವೆಚ್ಚ ಸುಮಾರು 15 ಕೋಟಿ ಡಾಲರು. ಅದರಲ್ಲಿ ನಗರದ ಪಾಲು 11 ಕೋಟಿಗೂ ಮಿಕ್ಕಿತ್ತು. ಕೇಂದ್ರ ಸರಕಾರದ ಪಾಲು ಸುಮಾರು 2 ಕೋಟಿ. ಇದರೊಂದಿಗೆ ಶ್ರೀಮಂತರೂ ಉದಾರವಾಗಿ ಕೊಟ್ಟರು. ಉಡುಪುಗಳ ವಿನ್ಯಾಸಕ್ಕೆ ಹೆಸರಾದ ಡಯಾನ್ ವಾನ್ ಫರ್ಸ್ಟನ್‌ಬರ್ಗ್ ಮತ್ತು ಆಕೆಯ ಪತಿ ಬ್ಯಾರಿ ಡಿಲ್ಲರ್ ಇವರ ಕುಟುಂಬದ ದತ್ತಿಸಂಸ್ಥೆಯು 2011ರಲ್ಲಿ ಒಮ್ಮೆಗೇ 2 ಕೋಟಿ ಡಾಲರುಗಳನ್ನು ನೀಡಿತು. ಈ ಅಂಕಿಗಳನ್ನು ಕಂಡವರು, ಹಾದಿಯನ್ನು ಕಟ್ಟಿದುದು ಸರಕಾರ ಮತ್ತು ಸಿರಿವಂತರು, ಊರವರ ಸಣ್ಣ ವಂತಿಗೆಯಿಂದ ಆದುದೇನು, ಎಂದು ಕೇಳಬಹುದು. ಮೊತ್ತವನ್ನಷ್ಟೇ ನೋಡಿದರೆ ಆ ಮಾತು ಸರಿ. ಆದರೆ ಘಟನೆಗಳ ಕ್ರಮವನ್ನು ಗಮನಿಸಬೇಕು. ಸರಕಾರವು ಕೆಡವಲು ಹೊರಟಿದ್ದಾಗ ಅದನ್ನು ತಡೆದುದು ಸಣ್ಣ ಸಂಘ. ಆ ಸಂಘವನ್ನು ನಡೆಸಿದುದು ಸದಸ್ಯರ ವಂತಿಗೆ ಮತ್ತು ದುಡಿಮೆ. ಮೊದಲ ಕಲ್ಲನ್ನು ಇಡುವವನು ಕೊಡುವ ಒಂದು ರೂಪಾಯಿಗೂ ಗೋಪುರ ಎದ್ದ ಮೇಲೆ ಕಳಸಕ್ಕೆ ಕೊಡುವ ಸಾವಿರ ರೂಪಾಯಿಗೂ ಅಂತರವಿದೆ. ಮೊದಲನೆಯದು ನಂಬಿಕೆಯನ್ನು ಹುಟ್ಟಿಸುತ್ತದೆ. ಎರಡನೆಯದು ಹುಟ್ಟಿದ ನಂಬಿಕೆಯ ನೆರಳಿನಲ್ಲಿ ಬರುತ್ತದೆ.

2006ರ ಏಪ್ರಿಲಿನಲ್ಲಿ ಕೆಲಸ ಆರಂಭವಾಯಿತು. ಜೇಮ್ಸ್ ಕಾರ್ನರ್ ಅವರ ತಂಡವೂ ಡಿಲ್ಲರ್, ಸ್ಕೊಫಿಡಿಯೊ ಮತ್ತು ರೆನ್ಫ್ರೊ ಎಂಬ ಶಿಲ್ಪಿಗಳೂ ನಕ್ಷೆ ಸಿದ್ಧಪಡಿಸಿದರು. ಸಸ್ಯಗಳನ್ನು ಆಯ್ದವನು ನೆದರ್ಲೆಂಡ್ಸ್ ದೇಶದ ತೋಟಗಾರ ಪೀಟ್ ಔಡಾಲ್ಫ್. ಕಂಬಿಗಳನ್ನು ಕಿತ್ತು, ಒಂದೊಂದಕ್ಕೂ ಗುರುತು ಹಾಕಿ ಇಟ್ಟುಕೊಂಡರು. ಉಕ್ಕಿನ ತುಕ್ಕನ್ನೂ ಹಳೆಯ ಬಣ್ಣವನ್ನೂ ತೆಗೆದು, ನೀರು ಸೋರದಂತೆ ಭದ್ರಪಡಿಸಿ, ಮಣ್ಣು ತುಂಬಿದರು. ಆ ಮೇಲೆ ಹಲವು ಕಂಬಿಗಳನ್ನು ಮೊದಲಿದ್ದ ಜಾಗದಲ್ಲಿಯೇ ಗಿಡಗಳ ನಡುವೆ ಮತ್ತೆ ಇರಿಸಿದರು. ತಾನಾಗಿ ಬೆಳೆದಿದ್ದ ಕಾಡುತೋಟದ ನೆನಪು ಉಳಿಯುವಂತೆ ಹುಲ್ಲುಗಳನ್ನೂ ಕಾಡುಹೂಗಳನ್ನೂ ನೆಟ್ಟರು. ಮೊದಲನೆಯ ಭಾಗ 2009ರ ಜೂನಿನಲ್ಲಿ, ಎರಡನೆಯದು 2011ರ ಜೂನಿನಲ್ಲಿ, ಮೂರನೆಯದು 2014ರ ಸೆಪ್ಟೆಂಬರಿನಲ್ಲಿ ತೆರೆದವು. 2019ರಲ್ಲಿ ಉಳಿದಿದ್ದ ಕವಲೊಂದು ಸೇರಿತು. 2019ರ ಒಂದೇ ವರ್ಷದಲ್ಲಿ ಅಲ್ಲಿಗೆ ಬಂದವರು ಸುಮಾರು 80 ಲಕ್ಷ ಜನ.

ಕಟ್ಟುವುದು ಒಮ್ಮೆಯ ಕೆಲಸ. ಕಾಯುವುದು ದಿನದಿನದ ಕೆಲಸ. ಗಿಡಕ್ಕೆ ನೀರು, ದಾರಿಗೆ ಕಸಪೊರಕೆ, ಆಸನಕ್ಕೆ ದುರಸ್ತಿ, ಇವು ಎಂದೂ ಮುಗಿಯುವುದಿಲ್ಲ. ಹಾದಿಯ ಒಡೆತನ ನಗರದ್ದು. ಆದರೆ ಅದನ್ನು ನೋಡಿಕೊಳ್ಳುವ ಹೊಣೆಯನ್ನು ಹೊತ್ತು, ವರ್ಷದ ಖರ್ಚಿನ ಬಹುಪಾಲನ್ನು ದೇಣಿಗೆಗಳಿಂದ ಕೂಡಿಸುತ್ತಿರುವುದು ಆ ಗೆಳೆಯರ ಸಂಘವೇ. ಪ್ರವೇಶಕ್ಕೆ ಶುಲ್ಕವಿಲ್ಲ. ಚಳಿಗಾಲದಲ್ಲಿ ಒಣಗಿದ ಹುಲ್ಲನ್ನೂ ಹೂಕಾಂಡಗಳನ್ನೂ ಹಾಗೆಯೇ ಬಿಡುತ್ತಾರೆ. ವಸಂತದ ಮೊದಲಲ್ಲಿ ಸ್ವಯಂಸೇವಕರು ಕತ್ತರಿ ಹಿಡಿದು ಬಂದು ಅವನ್ನು ಸವರುತ್ತಾರೆ. ಒಂದು ದಿನ ಅಲ್ಲಿ ಬಾಗಿ ಹುಲ್ಲು ಕತ್ತರಿಸಿದವನು ಮರುದಿನ ಅಲ್ಲಿ ಕಾಗದದ ಚೂರನ್ನೂ ಎಸೆಯಲಾರನು. ಕೊಟ್ಟವನಿಗೆ ಆ ವಸ್ತುವಿನ ಮೇಲೆ ಮಮತೆ ಹುಟ್ಟುವುದು ಸಹಜ. ಸಾರ್ವಜನಿಕ ವಸ್ತುವಿಗೆ ಇಂಥ ಮಮತೆಗಿಂತ ದೊಡ್ಡ ಕಾವಲು ಇಲ್ಲ.

ಇಷ್ಟಕ್ಕೆ ಕಥೆ ಮುಗಿದಿದ್ದರೆ ಅದು ಗೆಲುವಿನ ಕಥೆ ಮಾತ್ರವಾಗುತ್ತಿತ್ತು. ಆದರೆ ಬೆಳಕಿನ ಹಿಂದೆ ನೆರಳೂ ಇತ್ತು. ಸುತ್ತಲಿನ ನೆಲದ ಬೆಲೆ ಏರುವುದೆಂದು ಅಧ್ಯಯನ ಹೇಳಿದ್ದುದು ನಿಜವಾಯಿತು. ಊಹೆಯನ್ನು ಮೀರಿ ನಿಜವಾಯಿತು. ಹಾದಿಯ ಇಕ್ಕೆಲಗಳಲ್ಲಿ ಶ್ರೀಮಂತರ ಭಾರಿ ಮನೆಗಳು ಎದ್ದವು. ಬಾಡಿಗೆಗಳು ಏರಿದವು. ಹಲವು ಹಳೆಯ ಅಂಗಡಿಗಳೂ ಕಸಬುದಾರರೂ ಅಲ್ಲಿ ಉಳಿಯಲಾರದೆ ಹೋದರು. ಹಾದಿಗೆ ಕೂಗಳತೆಯಲ್ಲಿಯೇ ಸರಕಾರ ಕಟ್ಟಿಸಿಕೊಟ್ಟ ಬಡವರ ವಸತಿಗಳಿದ್ದವು. ಅಲ್ಲಿಯ ಜನ ಮೇಲುದಾರಿಗೆ ಬರುವುದು ಬಹು ಅಪರೂಪವಾಗಿತ್ತು. ದೂರದೇಶದ ಪ್ರವಾಸಿಗರು ಬಂದು ಹೋಗುತ್ತಿದ್ದರೂ ನೆರೆಮನೆಯವನಿಗೆ ಅದು ತನ್ನದೆನಿಸಿರಲಿಲ್ಲ.

ಈ ಕೊರತೆಯನ್ನು ಕಂಡುಹಿಡಿದು ಹೇಳಿದವರಲ್ಲಿ ಹಾದಿಯನ್ನು ಕಟ್ಟಿದವನೂ ಒಬ್ಬನೆಂಬುದು ಗಮನಾರ್ಹ. ನೆರೆಹೊರೆಗಾಗಿ ಹಾದಿಯನ್ನು ಕಟ್ಟಹೊರಟ ತಾವು, ಆ ಗುರಿಯಲ್ಲಿ ಸೋತೆವೆಂದು ರಾಬರ್ಟ್ ಹ್ಯಾಮಂಡ್ 2017ರಲ್ಲಿ ಬಹಿರಂಗವಾಗಿ ಒಪ್ಪಿಕೊಂಡನು. ಹಾದಿ ಹೇಗಿರಬೇಕೆಂದು ಜನರನ್ನು ಕೇಳಿದೆವು. ನಿಮಗೆ ನಮ್ಮಿಂದ ಏನಾಗಬೇಕೆಂದು ಮೊದಲು ಕೇಳಬೇಕಾಗಿತ್ತು ಎಂಬುದು ಅವನ ಮಾತಿನ ಭಾವ. ಸಂಘವು ಬಡವರ ವಸತಿಗಳಿಗೆ ಹೋಗಿ ಅಲ್ಲಿಯವರ ಮಾತನ್ನು ಕೇಳುವ ಸಭೆಗಳನ್ನು 2011ರಿಂದಲೇ ಏರ್ಪಡಿಸತೊಡಗಿತ್ತು. ಅವರು ಕೇಳಿದುದು ಹೂಗಳನ್ನಲ್ಲ, ತಮ್ಮ ಮಕ್ಕಳಿಗೆ ಕೆಲಸವನ್ನು. ಅದರಂತೆ ಆ ಬಡಾವಣೆಯ ಹರೆಯದ ಹುಡುಗ ಹುಡುಗಿಯರಿಗೆ ಸಂಬಳ ಕೊಟ್ಟು ಕೆಲಸ ಕಲಿಸುವ ಕಾರ್ಯಕ್ರಮಗಳು ಆರಂಭವಾದವು. ತಮ್ಮಂತೆಯೇ ಹಳೆಯ ರೈಲುದಾರಿಗಳನ್ನೂ ಸೇತುವೆಗಳನ್ನೂ ಹಾದಿಯಾಗಿ ಮಾಡಹೊರಟ ಬೇರೆ ಊರಿನವರನ್ನು ಒಂದು ಬಳಗವಾಗಿ ಕೂಡಿಸಿ, ತಮ್ಮ ಗೆಲುವಿನೊಡನೆ ತಮ್ಮ ಸೋಲನ್ನೂ ಅವರಿಗೆ ಪಾಠವಾಗಿ ಹೇಳುವ ಕೆಲಸವನ್ನೂ ಸಂಘ ಕೈಗೊಂಡಿತು.

ಸಾರ್ವಜನಿಕ ಹಾದಿಯೊಂದು ಉಕ್ಕು, ಮಣ್ಣು, ಹಣಗಳಿಂದ ಮಾತ್ರ ಆಗುವುದಿಲ್ಲ ಎಂಬುದು ಹೈಲೈನಿನ ಕಥೆಯಿಂದ ತಿಳಿಯುತ್ತದೆ. ಎಲ್ಲರೂ ಬೇಡವೆಂದುದರಲ್ಲಿ ಬೇಕಾದುದನ್ನು ಕಾಣುವ ಕಣ್ಣು ಮೊದಲು ಬೇಕು. ಒಬ್ಬಂಟಿಯಾಗಿ ಹೋರಾಡಿ ಬೀಳದೆ ಹತ್ತು ಜನರನ್ನು ಕೂಡಿಸಿಕೊಳ್ಳುವ ತಾಳ್ಮೆ ಬೇಕು. ಕಾನೂನನ್ನು ತಿಳಿಯುವ, ಲೆಕ್ಕವನ್ನು ಒಪ್ಪಿಸುವ, ವಿರೋಧಿಯ ಕಷ್ಟವನ್ನೂ ಅರಿತು ದಾರಿ ಹುಡುಕುವ ವಿವೇಕ ಬೇಕು. ಇವೆಲ್ಲಕ್ಕೂ ಮಿಗಿಲಾಗಿ, ಕೆಲಸ ಕೈಗೂಡಿದ ದಿನ ಹಿಂದಿರುಗಿ ನೋಡಿ, 'ಇದರಿಂದ ಯಾರಿಗೆ ಒಳಿತಾಯಿತು, ಯಾರು ಹೊರಗುಳಿದರು' ಎಂದು ಕೇಳಿಕೊಳ್ಳುವ ಪ್ರಾಮಾಣಿಕತೆ ಬೇಕು. ಹಣ ಕೊಟ್ಟವರ ಹೆಸರು ಕಲ್ಲಿನ ಮೇಲೆ ಇರಬಹುದು. ಆದರೆ ಹಾದಿ ನಿಜವಾಗಿ ಊರಿನದಾಗುವುದು, ಏನನ್ನೂ ಕೊಡಲಾರದವನೂ ಅಂಜಿಕೆಯಿಲ್ಲದೆ ಅದರ ಮೇಲೆ ಕಾಲಿಟ್ಟ ದಿನ.

ಅಭ್ಯಾಸ

1. ಹತ್ತನೆಯ ಅವೆನ್ಯೂಗೆ 'ಸಾವಿನ ಬೀದಿ' ಎಂಬ ಹೆಸರು ಏಕೆ ಬಂದಿತು?
2. ರೈಲುದಾರಿಯನ್ನು 'ಠೇವಣಿ ಇಡುವುದು' ಎಂದರೇನು? ವಿವರಿಸಿರಿ.
3. ನಿವೇಶನದ ಒಡೆಯರ ವಿರೋಧವನ್ನು ನಗರವು ಹೇಗೆ ಬಗೆಹರಿಸಿತು?
4. 'ಮೊದಲ ಕಲ್ಲನ್ನು ಇಡುವವನು ಕೊಡುವ ಒಂದು ರೂಪಾಯಿಗೂ ಗೋಪುರ ಎದ್ದ ಮೇಲೆ ಕಳಸಕ್ಕೆ ಕೊಡುವ ಸಾವಿರ ರೂಪಾಯಿಗೂ ಅಂತರವಿದೆ.' ಈ ಮಾತಿನ ಸ್ವಾರಸ್ಯವನ್ನು ತಿಳಿಸಿರಿ.
5. ನಿಮ್ಮ ಊರಿನಲ್ಲಿ ಬಳಕೆಯಿಲ್ಲದೆ ಬಿದ್ದಿರುವ ಸಾರ್ವಜನಿಕ ಸ್ಥಳವೊಂದನ್ನು ಗುರುತಿಸಿ, ಅದನ್ನು ಎಲ್ಲರಿಗೂ ಉಪಯೋಗವಾಗುವಂತೆ ಮಾಡುವ ಬಗೆಯನ್ನು ಕುರಿತು ಒಂದು ಪುಟ ಬರೆಯಿರಿ.